ಜುಲೈ ತಿಂಗಳ ಸೋಲು ಮತ್ತು ಮನೆಯವರ ಕಾವಲು

ಅಮೆರಿಕದ ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಆಪ್ತಸಲಹೆ ನೀಡುವ ನನ್ನ ಬಳಿಗೆ ಪ್ರತಿ ಬೇಸಿಗೆಯ ನಡುವೆ ಒಂದೇ ಬಗೆಯ ದೂರು ಬರುತ್ತದೆ. ಊರಿನ ಬೇಸ್‌ಬಾಲ್ ತಂಡವಾದ ಮ್ಯಾರಿನರ್ಸ್ ಸೋಲತೊಡಗಿದರೆ ಮನೆಯ ಯಜಮಾನರು ಬೇರೆಯೇ ಮನುಷ್ಯರಾಗುತ್ತಾರೆ ಎಂಬುದು ಆ ದೂರು. ಹೇಳುವವರು ಸಾಮಾನ್ಯವಾಗಿ ಹೆಂಡತಿ, ಅಪರೂಪಕ್ಕೆ ಹದಿಹರೆಯದ ಮಗಳು. ‘ಇಷ್ಟಕ್ಕೆಲ್ಲ ಕೌನ್ಸೆಲಿಂಗಾ ಅಂತ ನಿಮಗೆ ಅನ್ನಿಸಬಹುದು’ ಎಂದು ಅರ್ಧ ನಗುತ್ತಲೇ ಮಾತು ಶುರುಮಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಏಕೆ ಅನ್ನಿಸುವುದಿಲ್ಲ ಎಂಬುದನ್ನು 2024ರ ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಂಡದ ಸಂಗತಿಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ನಲವತ್ತು ದಾಟಿದ ಗಂಡ, ಇಬ್ಬರಿಗೂ ಉದ್ಯೋಗ, ಹತ್ತು ವರ್ಷದ ಒಬ್ಬ ಮಗ, ಹಾಸನದ ಕಡೆಯ ಒಂದು ಊರಿನಲ್ಲಿ ಒಂಟಿಯಾಗಿರುವ ತಾಯಿ. ಹಿನ್ನೆಲೆಯಾಗಿ ಇಷ್ಟು ಸಾಕು.

ತಂಡದ ಹಿನ್ನೆಲೆಯನ್ನು ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಗೊತ್ತಿಲ್ಲದೆ ಈ ಮನುಷ್ಯನ ಸಂಕಟ ಅರ್ಥವಾಗುವುದಿಲ್ಲ. 1977ರಿಂದ ಆಡುತ್ತಿರುವ ಮ್ಯಾರಿನರ್ಸ್, ಋತುವಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಅಂಗಳಕ್ಕೆ ಒಮ್ಮೆಯೂ ಕಾಲಿಡದ ಏಕೈಕ ಮೇಜರ್ ಲೀಗ್ ತಂಡ. 2023ರಲ್ಲಿ ಒಂದೇ ಒಂದು ಗೆಲುವಿನ ಕೊರತೆಯಿಂದ ಪ್ಲೇಆಫ್ ತಪ್ಪಿತು. ಆ ಋತು ಮುಗಿದ ಮೇಲೆ ತಂಡದ ಆಡಳಿತ ನೋಡಿಕೊಳ್ಳುವ ಜೆರ್ರಿ ಡಿಪೋಟೊ, ಹತ್ತು ವರ್ಷಗಳ ಅವಧಿಯಲ್ಲಿ ಶೇಕಡಾ 54ರಷ್ಟು ಪಂದ್ಯಗಳನ್ನು ಗೆಲ್ಲುವುದೇ ಗುರಿ ಎಂಬ ಅರ್ಥದ ಮಾತಾಡಿದರು. ತಾಳ್ಮೆಯಿಂದಿರಿ ಎಂದು ಕೇಳುವ ಮೂಲಕ ಅಭಿಮಾನಿಗಳಿಗೆ ತಾವೇ ಉಪಕಾರ ಮಾಡುತ್ತಿದ್ದೇವೆ ಎಂಬಂತಿತ್ತು ಆ ಮಾತಿನ ಧಾಟಿ. ಅವರು ಆಮೇಲೆ ಕ್ಷಮೆ ಕೇಳಿದರೂ ಊರು ಅದನ್ನು ಮರೆಯಲಿಲ್ಲ. ಮರುವರ್ಷ, 2024ರ ಜೂನ್ 18ರಂದು, ಇದೇ ತಂಡ ತನ್ನ ವಿಭಾಗದಲ್ಲಿ ಹತ್ತು ಪಂದ್ಯಗಳ ಅಂತರದಿಂದ ಮೊದಲ ಸ್ಥಾನದಲ್ಲಿತ್ತು. ಜುಲೈ ಮೂರನೆಯ ವಾರದ ಹೊತ್ತಿಗೆ ಆ ಅಂತರವೆಲ್ಲ ಕರಗಿ ಮೊದಲ ಸ್ಥಾನ ಅದೇ ವಿಭಾಗದ ಹ್ಯೂಸ್ಟನ್ ಆಸ್ಟ್ರೋಸ್ ಪಾಲಾಗಿತ್ತು. ಚೆಂಡೆಸೆಯುವ ಪಿಚರ್‌ಗಳು ಇಡೀ ಲೀಗಿನಲ್ಲೇ ಅತ್ಯುತ್ತಮರ ಸಾಲಿನಲ್ಲಿದ್ದರು. ಬ್ಯಾಟರ್‌ಗಳು ಬೇರೆಲ್ಲ ತಂಡಗಳಿಗಿಂತ ಹೆಚ್ಚು ಬಾರಿ ಚೆಂಡನ್ನು ಹೊಡೆಯಲಾಗದೆ ಸ್ಟ್ರೈಕ್‌ಔಟ್ ಆಗುತ್ತಿದ್ದರು. ಎರಡೇ ರನ್ ಬಿಟ್ಟುಕೊಟ್ಟ ಪಿಚರ್ ತಲೆ ತಗ್ಗಿಸಿಕೊಂಡು ಹೊರಗೆ ಬರುವುದನ್ನು ದಿನವೂ ನೋಡುವುದು ಎಂಥವರಿಗೂ ಕಷ್ಟ.

ಆರ್‌ಸಿಬಿ ಅಭಿಮಾನಿಗಳಾಗಿದ್ದ ನಮ್ಮವರು ಸೋಲಿಗೆ ಹೊಸಬರೇನಲ್ಲ. ಆದರೆ ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ ಇರುವುದು 14 ಪಂದ್ಯ, ಬೇಸ್‌ಬಾಲ್‌ನಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162. ಸೋತ ದುಃಖ ಆರುವುದರೊಳಗೆ ಮರುದಿನದ ಪಂದ್ಯ ಶುರುವಾಗಿರುತ್ತದೆ, ಅದೂ ಸಂಜೆ ಆರು ನಲವತ್ತಕ್ಕೆ, ಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ.

ಇಂಥ ದೂರು ಬಂದಾಗ ಮನೆಯವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ನಾನು ಮೊದಲು ಕೇಳುವುದು ಎರಡು ಪ್ರಶ್ನೆ: ಕೈ ಮಾಡುತ್ತಾರೆಯೇ, ಬೆಟ್ಟಿಂಗ್ ಇದೆಯೇ. ಮರ್ಯಾದಸ್ಥ ಮನೆಗಳಲ್ಲಿ ಈ ಪ್ರಶ್ನೆ ಕೇಳಿದ್ದಕ್ಕೆ ಬೇಸರಪಟ್ಟುಕೊಂಡವರಿದ್ದಾರೆ, ಆದರೂ ನಾನು ಕೇಳುವುದನ್ನು ಬಿಟ್ಟಿಲ್ಲ. ಡೇವಿಡ್ ಕಾರ್ಡ್ ಮತ್ತು ಗೋರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆಲ್ಲಬೇಕಾಗಿದ್ದ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಅನಿರೀಕ್ಷಿತವಾಗಿ ಸೋತ ದಿನ ಹೆಂಡತಿ ಅಥವಾ ಗೆಳತಿಯ ಮೇಲಿನ ಹಲ್ಲೆ ಸುಮಾರು ಶೇಕಡಾ 10ರಷ್ಟು ಹೆಚ್ಚಾಗಿರುವುದು ಕಂಡುಬಂದಿತ್ತು. ಸೋಲು ಮೊದಲೇ ನಿರೀಕ್ಷಿತವಾಗಿದ್ದ ಪಂದ್ಯಗಳ ದಿನ ಅಂಥ ಏರಿಕೆ ಇರಲಿಲ್ಲ. ಅಂದರೆ ಕೆಡಿಸುವುದು ಬರೀ ಸೋಲಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಭಾವ. ಈ ಮನೆಯಲ್ಲಿ ಎರಡೂ ಪ್ರಶ್ನೆಗಳಿಗೆ ಇಲ್ಲ ಎಂಬ ಉತ್ತರ ಬಂತು, ಆಮೇಲೆಯೇ ಮುಂದಿನ ಮಾತು ಸಾಧ್ಯವಾಯಿತು.

ದಂಪತಿ ಒಟ್ಟಾಗಿ ಬಂದದ್ದು ಆಗಸ್ಟ್ ಕೊನೆಯಲ್ಲಿ. 2016ರಿಂದ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆಗಿದ್ದ ಸ್ಕಾಟ್ ಸರ್ವೈಸ್ ಅವರನ್ನು ತಂಡ ಆಗಸ್ಟ್ 22ರಂದು ತೆಗೆದುಹಾಕಿತ್ತು. ಇಡೀ ಜುಲೈ ತಿಂಗಳು ಅದನ್ನೇ ಬಯಸುತ್ತಿದ್ದ ಈ ಗಂಡ, ಸುದ್ದಿ ಬಂದ ದಿನ ತಮಗೆ ಸಮಾಧಾನವಾಗದೆ ಇನ್ನಷ್ಟು ಖಾಲಿ ಎನ್ನಿಸಿದ್ದೇಕೆ ಎಂದು ನನ್ನನ್ನೇ ಕೇಳಿದರು. ಬೈಯಲು ಇದ್ದ ಒಬ್ಬ ಮನುಷ್ಯನೂ ಹೋದ ಮೇಲೆ ಸೋಲು ಮಾತ್ರ ಉಳಿಯಿತಲ್ಲ ಎಂದೆ. ಅವರು ಒಪ್ಪಿದರು. ಬಳಿಕ, ತಮ್ಮ ಮೇಲೆ ಮನೆಯಲ್ಲಿ ಇಷ್ಟು ದೊಡ್ಡ ದೂರು ಏಕೆ ಎಂಬುದು ಅರ್ಥವಾಗುತ್ತಿಲ್ಲ ಎಂದರು. ‘ನಾನು ಕೂಗಾಡಲ್ಲ ಮೇಡಂ. ರಿಮೋಟ್ ಎಸೆಯಲ್ಲ, ಮಗನಿಗೆ ಒಂದು ಮಾತು ಬಯ್ಯಲ್ಲ. ಸುಮ್ಮನೆ ಇರ್ತೀನಿ, ಅಷ್ಟೇ.’

ಹೆಂಡತಿ ಅಲ್ಲಿಯವರೆಗೆ ಕೈಚೀಲದ ಜಿಪ್ ಎಳೆಯುತ್ತಾ ಬಿಡುತ್ತಾ ಕುಳಿತಿದ್ದರು. ಈಗ ಗಂಡನ ಕಡೆಗೆ ನೋಡದೆ ನನಗೆ ಹೇಳಿದರು: ‘ಏಳು ಗಂಟೆಗೆ ಅತ್ತೆ ಫೋನ್ ಮಾಡ್ತಾರೆ. ಅಲ್ಲಿ ಬೆಳಗ್ಗೆ ಏಳೂವರೆ, ಕಾಫಿ ಆಗಿರುತ್ತೆ, ಮಗನ ದನಿ ಕೇಳ್ಬೇಕು ಅನ್ನಿಸುತ್ತೆ. ನಾನು ಮೊದಲು ಸ್ಕೋರ್ ನೋಡ್ತೀನಿ. ಸೋಲೋ ಹಾಗಿದ್ರೆ ಇವರಿಗೆ ಫೋನ್ ಕೊಡಲ್ಲ. ಮೀಟಿಂಗಲ್ಲಿದ್ದಾರೆ ಅತ್ತೆ ಅಂತೀನಿ. ಎರಡು ತಿಂಗಳಿಂದ ಹೀಗೇ. ಪುಟ್ಟನೂ ಐಪ್ಯಾಡ್‌ನಲ್ಲಿ ಸ್ಕೋರ್ ನೋಡಿಕೊಂಡೇ ಊಟಕ್ಕೆ ಇಳಿಯೋದು.’

ಗಂಡನಿಗೆ ಇದು ಗೊತ್ತಿರಲಿಲ್ಲ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, ‘ಅಮ್ಮ ಭಾನುವಾರ ಕೇಳಿದ್ರು, ರಾತ್ರಿಯೆಲ್ಲ ಮೀಟಿಂಗ್ ಇಡ್ತಾರಲ್ಲೋ ಅದ್ಯಾವ ಕಂಪನಿನೋ ನಿಂದು ಅಂತ. ಯಾವ ಮೀಟಿಂಗ್ ಅಂತ ನನಗೆ ತಲೆಬುಡ ತಿಳೀಲಿಲ್ಲ’ ಎಂದರು.

ಆ ದಿನದ ಉಳಿದ ಸಮಯವೆಲ್ಲ ಇದೊಂದರ ಸುತ್ತಲೇ ಕಳೆಯಿತು. ಕೂಗಾಡದ ಗಂಡಸು ತನ್ನ ಪಾಲಿನ ಸಂಯಮವನ್ನು ಪೂರ್ತಿ ತೋರಿಸಿಯಾಯಿತು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಬಯ್ಗುಳವಾದರೆ ಬೈದು ಮುಗಿಯುತ್ತದೆ. ಆದರೆ ಏನೂ ಹೇಳದೆ ಸೋಫಾದ ಮೂಲೆಯಲ್ಲಿ ಕುಳಿತವರ ಮನಸ್ಸನ್ನು ಉಳಿದವರು ಊಹಿಸಬೇಕಾಗುತ್ತದೆ, ಊಹಿಸಿ ಅದಕ್ಕೆ ತಕ್ಕಂತೆ ಮಾತು, ಊಟ, ಫೋನು ಎಲ್ಲವನ್ನೂ ಹೊಂದಿಸಿಕೊಳ್ಳಬೇಕಾಗುತ್ತದೆ. ದುಃಖ ಒಬ್ಬರದು, ಅದರ ಕಾವಲು ಇಬ್ಬರದು.

ಹೆಂಡತಿಯ ನಿರೀಕ್ಷೆ ಸ್ಪಷ್ಟವಾಗಿತ್ತು: ಚಾನೆಲ್ಲಿನ ಚಂದಾ ನಿಲ್ಲಿಸುವಂತೆ ನಾನು ಹೇಳಬೇಕು. ನಾನು ಹೇಳಲಿಲ್ಲ. ಇದಕ್ಕಾಗಿ ನನ್ನನ್ನು ಮೆತ್ತನೆಯವಳೆಂದು ಕರೆದ ಸಹೋದ್ಯೋಗಿಗಳಿದ್ದಾರೆ. ಇನ್ನು ಕೆಲವರು, ಸಿಟ್ಟು ನಿಜವಾಗಿ ತಂಡದ ಮೇಲಿನದಲ್ಲ, ಕೆಲಸದ ಅಭದ್ರತೆಯೇ ಹೀಗೆ ಬೇಸ್‌ಬಾಲಿನ ವೇಷ ತೊಟ್ಟು ಬಂದಿದೆ ಎಂದು ವಿವರಿಸಿದರು. ಇಲ್ಲಿನ ದೊಡ್ಡ ಕಂಪನಿಗಳು 2023ರ ಆರಂಭದಲ್ಲಿ ಸಾವಿರಾರು ಜನರನ್ನು ತೆಗೆದದ್ದು ನನಗೂ ಗೊತ್ತು, ಆ ಭಯ ಅನೇಕ ಮನೆಗಳಲ್ಲಿ ಈಗಲೂ ಇದೆ. ಆದರೆ ಈ ಮನುಷ್ಯ ಕೆಲಸದ ಭಯದ ಬಗ್ಗೆ ಕೇಳಿದಾಗ ನೇರವಾಗಿ, ವಿವರವಾಗಿ ಮಾತಾಡಿದರು. ಗಂಟಲು ಕಟ್ಟಿದ್ದು ಜುಲೈ ತಿಂಗಳ ಬಗ್ಗೆ ಹೇಳುವಾಗ. ಆಟದ ದುಃಖವನ್ನು ಆಟದ ದುಃಖವೆಂದೇ ನಂಬದೆ ಅದರ ಹಿಂದೆ ಇನ್ನೇನನ್ನೋ ಹುಡುಕುವುದು, ‘ಅಷ್ಟಕ್ಕೂ ಅದೊಂದು ಆಟ ತಾನೇ’ ಎನ್ನುವುದರ ಓದಿದವರ ರೂಪ ಎಂದು ನಾನು ತಿಳಿದಿದ್ದೇನೆ.

ಬಿಡಿಸದಿರಲು ಇನ್ನೊಂದು ಕಾರಣವಿತ್ತು. ಊರಿನ ತಂಡದೊಂದಿಗೆ ಗಟ್ಟಿಯಾಗಿ ಗುರುತಿಸಿಕೊಂಡವರಲ್ಲಿ ಒಂಟಿತನ ಕಡಿಮೆ ಇರುವುದನ್ನು ಕೆಂಟಕಿಯ ಮನೋವಿಜ್ಞಾನಿ ಡೇನಿಯಲ್ ವಾನ್ ಮತ್ತೆ ಮತ್ತೆ ಗಮನಿಸಿದ್ದಾರೆ. ಈ ಗಂಡ ಪಕ್ಕದ ಮನೆಯ ಮುದುಕರೊಂದಿಗೆ, ಕ್ಷೌರದಂಗಡಿಯವನೊಂದಿಗೆ, ಮಗನ ಶಾಲೆಯ ಬೇರೆ ತಂದೆಯರೊಂದಿಗೆ ಮಾತಾಡುವುದೆಲ್ಲ ಈ ತಂಡದ ಮೂಲಕವೇ. ಹದಿನೈದು ವರ್ಷ ದುಡಿದು ಈ ಊರಿನಲ್ಲಿ ಗಳಿಸಿದ ಆ ನಂಟನ್ನು ಒಂದು ಕೆಟ್ಟ ಬೇಸಿಗೆಗಾಗಿ ಕಿತ್ತುಹಾಕಿ ಎನ್ನಲು ನನಗೆ ಅಧಿಕಾರವಿದೆಯೆಂದು ಅನ್ನಿಸಲಿಲ್ಲ.

ಕೊಟ್ಟ ಸಲಹೆಗಳು ಸಣ್ಣವು. ಪಂದ್ಯ ಸೋತರೆ ಅದನ್ನು ಅವರೇ ಬಾಯಿಬಿಟ್ಟು ಹೇಳಬೇಕು: ಸೋತೆವು, ಬೇಜಾರಾಗಿದೆ, ಅರ್ಧ ಗಂಟೆ ಬಿಟ್ಟುಬಿಡಿ. ಅರ್ಧ ಗಂಟೆಯಾದ ಮೇಲೆ ಊಟಕ್ಕೆ ಬರಬೇಕು. ಮನೆಯಲ್ಲಿ ಉಳಿದ ಯಾರೂ ಅವರಿಗಾಗಿ ಸ್ಕೋರ್ ನೋಡಬಾರದು. ತಾಯಿಯ ಫೋನನ್ನು, ಪಂದ್ಯ ಬಿಸಿಯೇರಿ ಬೇಸ್‌ಗಳೆಲ್ಲ ತುಂಬಿದ್ದರೂ ಸರಿ, ಅವರೇ ಎತ್ತಬೇಕು; ಬೇಕಾದರೆ ತಂಡದ ಕಥೆಯನ್ನು ಆಕೆಗೂ ಹೇಳಲಿ.

ಇನ್ನೊಂದು ಸಲಹೆ ಆಟದ ವೇಳಾಪಟ್ಟಿಯಿಂದಲೇ ಬಂದದ್ದು. ಬೇಸ್‌ಬಾಲ್ ತಂಡಗಳು ಒಂದೇ ಎದುರಾಳಿಯ ಜೊತೆ ಮೂರು ಅಥವಾ ನಾಲ್ಕು ಪಂದ್ಯಗಳ ಸರಣಿ ಆಡುತ್ತವೆ. ಪ್ರತಿ ಸರಣಿಯಲ್ಲಿ ಒಂದನ್ನು ಪೂರ್ತಿ ನೋಡಿ, ಉಳಿದದ್ದನ್ನು ರೇಡಿಯೊದಲ್ಲಿ ಕೇಳಿ ಅಥವಾ ಬೆಳಿಗ್ಗೆ ತಿಳಿದುಕೊಳ್ಳಿ, ಗೆದ್ದೆವೋ ಸೋತೆವೋ ಎಂಬ ಲೆಕ್ಕವನ್ನು ಸರಣಿಗೊಮ್ಮೆ ಮಾತ್ರ ಹಾಕಿ ಎಂದೆ. 2001ರಲ್ಲಿ 116 ಪಂದ್ಯ ಗೆದ್ದು ದಾಖಲೆ ಸರಿಗಟ್ಟಿದ ಮ್ಯಾರಿನರ್ಸ್ ಕೂಡ 46 ಸೋತಿತ್ತು. ಅಂಥ ವರ್ಷದಲ್ಲೂ ದಿನದ ಲೆಕ್ಕ ಹಾಕುವವರ ಮನೆಯಲ್ಲಿ 46 ಸಂಜೆ ಕೆಟ್ಟಿರುತ್ತಿತ್ತು. ಪಂದ್ಯ ಮುಗಿದ ಮೇಲೆ ಫೋನಿನಲ್ಲಿ ಬೇರೆಯವರ ಸಿಟ್ಟನ್ನು ಓದುವುದು ಮಾತ್ರ ಪೂರ್ತಿ ನಿಲ್ಲಬೇಕು ಎಂದೂ ಹೇಳಿದೆ.

ಮಗನ ವಿಷಯಕ್ಕೆ, ಹತ್ತಿರದ ಎವರೆಟ್‌ಗೆ ಕರೆದುಕೊಂಡು ಹೋಗಿ ಆಕ್ವಾಸಾಕ್ಸ್ ಆಟ ತೋರಿಸಿ ಎಂದೆ. ಅದು ಮ್ಯಾರಿನರ್ಸ್‌ನ ಕೆಳಹಂತದ ತಂಡಗಳಲ್ಲೊಂದು. ಅಲ್ಲಿ ಯಾರು ಗೆದ್ದರು ಎಂಬುದು ಮನೆಗೆ ಬರುವ ದಾರಿಯಲ್ಲೇ ಮರೆತುಹೋಗುತ್ತದೆ. ಅಲ್ಲಿನ ಋತು ಸೆಪ್ಟೆಂಬರ್ ಮೊದಲ ಭಾಗದಲ್ಲೇ ಮುಗಿಯುವುದರಿಂದ ತಡಮಾಡಬೇಡಿ ಎಂದೂ ಸೇರಿಸಿದೆ. ಹೋದರು.

ಆ ವರ್ಷವೂ ಮ್ಯಾರಿನರ್ಸ್‌ಗೆ ಒಂದೇ ಗೆಲುವಿನ ಕೊರತೆಯಿಂದ ಪ್ಲೇಆಫ್ ತಪ್ಪಿತು. ರೇಡಿಯೊದ ಸಲಹೆಯನ್ನು ಅವರು ವಾರದೊಳಗೇ ಕೈಬಿಟ್ಟಿದ್ದರು. ತಾಯಿಯ ಫೋನಿನದು ಉಳಿದುಕೊಂಡಿತು, ಸ್ಟ್ರೈಕ್‌ಔಟ್ ಎಂದರೇನೆಂದು ಹಾಸನದ ಅಜ್ಜಿಗೆ ಈಗ ಗೊತ್ತು. 2025ರ ಅಕ್ಟೋಬರ್‌ನಲ್ಲಿ ಮ್ಯಾರಿನರ್ಸ್ ವರ್ಲ್ಡ್ ಸೀರೀಸ್‌ನ ಹೊಸ್ತಿಲಲ್ಲಿ, ಟೊರೊಂಟೊದಲ್ಲಿ ನಡೆದ ನಿರ್ಣಾಯಕ ಏಳನೆಯ ಪಂದ್ಯವನ್ನು ಒಂದೇ ರನ್ನಿನಿಂದ ಸೋತ ಮೇಲೆ ಹೆಂಡತಿ ಕರೆಮಾಡಿದ್ದರು. ಈ ಸಲ ಅತ್ತದ್ದು ಮಗ, ಸಮಾಧಾನ ಮಾಡಿದ್ದು ಅಪ್ಪ. ‘ಚಂದಾ ಆವತ್ತೇ ನಿಲ್ಲಿಸಿದ್ರೆ ಒಬ್ಬರಲ್ಲೇ ಮುಗೀತಿತ್ತು, ಈಗ ಮನೇಲಿ ಇಬ್ಬರಾದ್ರು’ ಎಂದರು. ನಿಲ್ಲಿಸಬೇಕಾಗಿರಲಿಲ್ಲ ಎಂದೇ ನಾನು ಹೇಳಿದೆ. ಅವರು ಒಪ್ಪಲಿಲ್ಲ.