ಅಕ್ಕನನ್ನು ಹೊಗಳಿ ಬರೆದ ಅಂಕಣ

ಸ್ಥಳೀಯ ಪತ್ರಿಕೆಯಲ್ಲಿ ವಾರದ ಅಂಕಣ ಸಿಕ್ಕಿದೆ, ರಾಜಕೀಯಕ್ಕೆ ಕೈ ಹಾಕಿದರೆ ಅಪಾಯ, ಹಬ್ಬಹರಿದಿನ ಮತ್ತು ಮನೆಮಂದಿಯ ವಿಷಯ ಬರೆದುಕೊಂಡಿರಲೇ ಎಂದು ಕೇಳಿದ್ದೀರಿ. ಹಾಸನದಲ್ಲಿ ನಾನೂ ಹೀಗೆಯೇ ಎಣಿಕೆ ಹಾಕಿದ್ದೆ. ಆ ಎಣಿಕೆ ತಲೆಕೆಳಗು.

ಗೊರೂರು ಅಣೆಕಟ್ಟೆಯಿಂದ ತುಮಕೂರಿಗೆ ಹರಿಯುವ ಹೇಮಾವತಿ ನೀರಿನ ಬಗ್ಗೆ ಬರೆದಾಗ ಎರಡೂ ಕಡೆಯವರು ಬೈದರು. ಜನಪ್ರತಿನಿಧಿಯೊಬ್ಬರು ರಾತ್ರಿ ಫೋನ್ ಮಾಡಿ ಕೂಗಾಡಿದರು. ತಿಂಗಳೊಳಗೆ ಮದುವೆಯೊಂದರಲ್ಲಿ ಅವರೇ ಬಂದು ಹೆಗಲ ಮೇಲೆ ಕೈ ಹಾಕಿದರು. ನನಗೆ ದುಬಾರಿಯಾಗಿದ್ದು ಒಳ್ಳೆಯ ಮನಸ್ಸಿನಿಂದ ಬರೆದ ಮನೆಯ ಅಂಕಣ.

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು. ಹತ್ತು ದಿನಕ್ಕೆ ಗೌರಿ ಹಬ್ಬ. ತವರಿನ ಬಾಗಿನ, ಮಗಳ ಪಾಲು ಎರಡನ್ನೂ ಸೇರಿಸಿ ಬರೆದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿದ್ದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ಇದನ್ನೆಲ್ಲ ವಕೀಲ ಮಿತ್ರರಿಗೆ ಎರಡು ಸಲ ಫೋನ್ ಮಾಡಿ ಖಚಿತಪಡಿಸಿಕೊಂಡೆ. ಕೊನೆಗೆ 1991ರಲ್ಲಿ ಬೇಲೂರಿಗೆ ಕೊಟ್ಟ ನನ್ನ ಅಕ್ಕನ ಮಾತು ಬರೆದೆ: ಅಪ್ಪ ತೀರಿಕೊಂಡ ಮೇಲೆ ಆಲೂರಿನ ಜಮೀನಿನಲ್ಲಿ ತನ್ನ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಒಂದು ಮಾತೂ ಆಡದೆ ಸಹಿ ಹಾಕಿದಳು, ಅಂಥ ದೊಡ್ಡ ಮನಸ್ಸು ಯಾರಿಗಿದೆ?

ತಪ್ಪು ಈ ಒಂದು ವಾಕ್ಯದಲ್ಲಿದೆ. ಹೆಸರು ಬರೆದಿರಲಿಲ್ಲ, ಆದರೆ ನನಗಿರುವುದು ಒಬ್ಬಳೇ ಅಕ್ಕ. ಅದು ಸಣ್ಣ ತಪ್ಪು. ವಕೀಲರಿಗೆ ಎರಡು ಸಲ ಫೋನ್ ಮಾಡಿದವನು ಅಕ್ಕನಿಗೆ ಒಮ್ಮೆಯೂ ಮಾಡಲಿಲ್ಲ, ಹೊಗಳುವುದಕ್ಕೆ ಕೇಳುವುದೇನಿದೆ ಎಂದುಕೊಂಡೆ. ಅದಕ್ಕಿಂತ ದೊಡ್ಡದು, ಅವಳ ಮೌನವನ್ನು ಒಪ್ಪಿಗೆ ಎಂದು ತಿಳಿದಿದ್ದು. ಪತ್ರ ಸಿದ್ಧಪಡಿಸಿಟ್ಟೇ ಅವಳನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆಸಿದ್ದೆ. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ್ದೆ. ಊಟ ಕೊಡಿಸಿ ಬೇಲೂರು ಬಸ್ ಹತ್ತಿಸಿದ್ದೆ. ಇದರಲ್ಲಿ ಅವಳು ಮಾತಾಡುವುದಕ್ಕೆ ನಾನು ಎಲ್ಲಿ ಎಡೆ ಬಿಟ್ಟಿದ್ದೆ?

ಅಂಕಣ ಓದಿದ ಅವಳ ಮಗಳು, "ಅಮ್ಮ, ನಿನಗೂ ಪಾಲಿತ್ತೇ?" ಎಂದು ಕೇಳಿದಳಂತೆ. ಅಜ್ಜ ಸಾಲವನ್ನಲ್ಲದೆ ಬೇರೇನನ್ನೂ ಉಳಿಸಿರಲಿಲ್ಲ ಎಂದು ಅಕ್ಕ ಅಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದಳು. ನನ್ನ ಮರ್ಯಾದೆ ಉಳಿಸುವುದಕ್ಕೆ.

ಹಬ್ಬಕ್ಕೆ ಬಾಗಿನ ಹಿಡಿದು ಹೋದೆ. ಮೊರ ತೆಗೆದುಕೊಂಡಳು, ಊಟಕ್ಕೆ ಏಳು ಎನ್ನಲಿಲ್ಲ. ಈಗಲೂ ಪ್ರತಿ ವರ್ಷ ಹೋಗುತ್ತೇನೆ, ಮಳೆ ಬೆಳೆಯ ವಿಚಾರ ಬಿಟ್ಟರೆ ಮಾತಿಲ್ಲ. ಒಂದು ಎಕರೆ ಅವಳ ಹೆಸರಿಗೆ ಮಾಡಿಸುತ್ತೇನೆ ಎಂದಾಗ, "ಅದನ್ನೂ ಬರೆಯುತ್ತೀಯಾ?" ಎಂದಳು.

ರಾಜಕೀಯ ಬರೆಯಿರಿ, ಹೆದರಬೇಡಿ. ಕುಟುಂಬ ರಾಜಕಾರಣದ ಬಗ್ಗೆ ನಾನು ಎಷ್ಟೋ ಅಂಕಣ ಬರೆದೆ. ನಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದೂ ರಾಜಕೀಯವೇ ಎಂದು ಹೊಳೆಯಲಿಲ್ಲ. ಹಬ್ಬ, ಮನೆ, ಸರ್ಕಾರ ಎಂದು ನೀವು ಮಾಡಿಕೊಂಡಿರುವ ವಿಂಗಡಣೆಯೇ ನಿಲ್ಲುವುದಿಲ್ಲ. ಮನೆಯವರ ಬಗ್ಗೆ ಬರೆದರೆ ಅಚ್ಚಿಗೆ ಕಳಿಸುವ ಮುಂಚೆ ಅವರೆದುರು ಕೂತು ಪೂರ್ತಿ ಓದಿ, ಫೋನಿನಲ್ಲಿ ಸಾರಾಂಶ ಹೇಳಬೇಡಿ. ಬೇಡವೆಂದರೆ ಹರಿದುಹಾಕಿ. ಹೊಗಳಿದ್ದರಂತೂ ಓದಲೇಬೇಕು. ಬೈದರೆ ಅವರು ತಿರುಗಿ ಬೈಯಬಹುದು, ಹೊಗಳಿದವನಿಗೆ ಏನೆಂದು ಎದುರಾಡುತ್ತಾರೆ?

ಈ ಉತ್ತರವನ್ನು ಭಾನುವಾರ ಬೇಲೂರಿಗೆ ಹೋಗಿ ಅಕ್ಕನ ಮುಂದೆ ಓದಿದೆ. ಎರಡು ವಾಕ್ಯ ತೆಗೆ ಎಂದಳು, ತೆಗೆದಿದ್ದೇನೆ. ಮಗಳು ಕೇಳಿದ ಮಾತು ಇರಲಿ ಎಂದಳು.