ಹತ್ತು ನಿಮಿಷದ ಸಿಗರೇಟ್, ಹದಿನೈದು ದಿನದ ಕೆಲಸ

ಪ್ರಶ್ನೆ: ನನ್ನದು ಇಪ್ಪತ್ತು ಜನರ ಚಿಕ್ಕ ಸಂಸ್ಥೆ. ನಾಲ್ವರು ಸಿಗರೇಟ್ ಸೇದುತ್ತಾರೆ. ಊಟದ ಬಿಡುವು ಬಿಟ್ಟು ದಿನಕ್ಕೆ ಮೂರು ಸಲವಾದರೂ ಹೊರಗೆ ಹೋಗಿ ಬರುತ್ತಾರೆ. ಉಳಿದವರು ಗೊಣಗಲು ಶುರು ಮಾಡಿದ್ದಾರೆ. ಇದರಿಂದ ನನಗೆ ನಿಜವಾಗಿ ಎಷ್ಟು ನಷ್ಟ? ಆ ಸಮಯದ ಸಂಬಳ ಹಿಡಿಯಲೇ?

ಉತ್ತರ: ಮೊದಲು ಲೆಕ್ಕ ಹಾಕಿಬಿಡೋಣ. ಸೇದಲು ಐದಾರು ನಿಮಿಷ ಸಾಕು. ಎದ್ದು ಹೋಗಿ, ಎರಡು ಮಾತಾಡಿ, ವಾಪಸ್ ಬಂದು ಕೂರುವಷ್ಟರಲ್ಲಿ ಹತ್ತು ನಿಮಿಷ ಆಗುತ್ತದೆ. ಮೂರು ಸಲಕ್ಕೆ ಅರ್ಧ ಗಂಟೆ. ವರ್ಷಕ್ಕೆ 240 ಕೆಲಸದ ದಿನ ಹಿಡಿದರೆ 120 ಗಂಟೆ. ಅಂದರೆ ಎಂಟು ಗಂಟೆಯ 15 ದಿನ. ನಾಲ್ವರಿಂದ 60 ದಿನ.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇಂಥದೇ ಲೆಕ್ಕ ಪ್ರಕಟಿಸಿದರು. ಅಲ್ಲಿನ ಖಾಸಗಿ ಮಾಲೀಕರಿಗೆ ಸೇದುವ ಒಬ್ಬ ನೌಕರನಿಂದ ವರ್ಷಕ್ಕೆ ಬೀಳುವ ಹೆಚ್ಚುವರಿ ಖರ್ಚು ಸುಮಾರು 5,816 ಡಾಲರ್ ಎಂದು ಅಂದಾಜಿಸಿದರು. ಅದರಲ್ಲಿ 3,077 ಡಾಲರ್ ಬರೀ ಸಿಗರೇಟ್ ಬಿಡುವಿನದು. ಚಿಕಿತ್ಸೆಯ ಖರ್ಚು ಕೂಡ ಅದಕ್ಕಿಂತ ಕಡಿಮೆ, 2,056 ಡಾಲರ್.

ಆದರೆ ಈ 60 ದಿನವನ್ನು ನೇರವಾಗಿ ನಷ್ಟದ ಖಾತೆಗೆ ಬರೆಯಬೇಡಿ. ಫೋನಿಗೆ ಉತ್ತರಿಸುವ ಕೆಲಸ, ಯಂತ್ರದ ಮುಂದೆ ನಿಲ್ಲುವ ಕೆಲಸ ಆದರೆ ಹೋದ ನಿಮಿಷ ಹೋದದ್ದೇ. ಬರವಣಿಗೆ, ವಿನ್ಯಾಸದಂಥ ಕೆಲಸದಲ್ಲಿ ಹಾಗಲ್ಲ. ಎದ್ದು ನಾಲ್ಕು ಹೆಜ್ಜೆ ಓಡಾಡಿ ಬಂದವರು ಕೆಲವೊಮ್ಮೆ ಚುರುಕಾಗಿಯೇ ಮಾಡುತ್ತಾರೆ. ಸೇದದವರೂ ಫೋನ್ ನೋಡುತ್ತಾ ಸಮಯ ಕಳೆಯುತ್ತಾರೆ, ಅಲ್ವಾ? ಅದು ಎದ್ದು ಕಾಣುವುದಿಲ್ಲ ಅಷ್ಟೆ. ಹಾಗಾಗಿ ಯಾರು ಎಷ್ಟು ಸಲ ಎದ್ದರು ಎಂದು ಎಣಿಸುವ ಬದಲು ಸಂಜೆಗೆ ಕೆಲಸ ಮುಗಿದಿದೆಯೇ ನೋಡಿ.

ಸಂಬಳ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಕಾನೂನಿನ ತೊಡಕು ಬರಬಹುದು. ಅದಕ್ಕಿಂತ ಮುಖ್ಯವಾಗಿ, ನಿಮಿಷ ಬರೆದಿಡಲು ಒಬ್ಬರನ್ನು ಕೂರಿಸಬೇಕಾಗುತ್ತದೆ, ಕಚೇರಿಯಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಅನುಮಾನ ಶುರುವಾಗುತ್ತದೆ. ಅವರು ಎದ್ದು ಹೋಗುವುದು ಸುಮ್ನೆ ಸೋಮಾರಿತನಕ್ಕಲ್ಲ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಕಿರಿಕಿರಿ, ಚಡಪಡಿಕೆ. ಗಮನ ನಿಲ್ಲುವುದಿಲ್ಲ. ಬಾಗಿಲು ಹಾಕಿ ಕೂರಿಸಿದರೆ ದೇಹ ಕುರ್ಚಿಯಲ್ಲಿರುತ್ತದೆ, ಮನಸ್ಸು ಹೊರಗೆ.

ಎಲ್ಲರಿಗೂ ಒಂದೇ ನಿಯಮ ಮಾಡಿ. ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು, ಹತ್ತು ಹತ್ತು ನಿಮಿಷದ ಬಿಡುವು. ಅದರಲ್ಲಿ ಏನು ಮಾಡುತ್ತಾರೆ ಎಂದು ಕೇಳಬೇಡಿ. ಅದಕ್ಕೂ ಮೀರಿ ಹೊರಗೆ ಹೋದವರು ಆ ಸಮಯವನ್ನು ಅದೇ ದಿನ ಸರಿದೂಗಿಸಲಿ.

ಖರ್ಚು ಮಾಡಲು ಮನಸ್ಸಿದ್ದರೆ ಚಟ ಬಿಡಿಸಲು ಮಾಡಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚಟ ಬಿಡುವ ಬಗ್ಗೆ ಮಾಹಿತಿ ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಮಾಹಿತಿಯ ಜೊತೆ, ಬಿಟ್ಟವರಿಗೆ ಹಂತ ಹಂತವಾಗಿ ಒಟ್ಟು 750 ಡಾಲರ್‌ವರೆಗೆ ಬಹುಮಾನವಿತ್ತು. 9ರಿಂದ 12 ತಿಂಗಳ ಹೊತ್ತಿಗೆ ಬಹುಮಾನದ ಗುಂಪಿನಲ್ಲಿ ಶೇ 14.7 ಮಂದಿ ಬಿಟ್ಟಿದ್ದರು. ಮತ್ತೊಂದರಲ್ಲಿ ಶೇ 5. ನೂರರಲ್ಲಿ ಎಂಬತ್ತೈದು ಜನ ಬಿಡಲಿಲ್ಲ ಎಂಬುದೂ ನೆನಪಿರಲಿ. ಚಟ ಅಷ್ಟು ಗಟ್ಟಿ. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್, ಪ್ಯಾಚ್ ಅಥವಾ ಮಾತ್ರೆ ತೆಗೆದುಕೊಂಡರೆ ಬಿಡುವ ಸಾಧ್ಯತೆ ಜಾಸ್ತಿ. ಆ ಖರ್ಚನ್ನು ಸಂಸ್ಥೆಯೇ ಕೊಡಲಿ. ಮೊದಲ ಎರಡು ಮೂರು ದಿನ ಸಂಕಟ ತುಂಬಾ ಇರುತ್ತದೆ. ಆ ದಿನಗಳಲ್ಲಿ ಹಗುರವಾದ ಕೆಲಸ ಕೊಡಿ.

ಪ್ರಶ್ನೆ: ನಾನು ಸೇದುವುದಿಲ್ಲ. ಸೇದುವವರಿಗೆ ಸಿಗುವ ಬಿಡುವಿನ ಬದಲು ನಾನು ಹೆಚ್ಚಿನ ರಜೆ ಕೇಳಬಹುದೇ?

ಉತ್ತರ: ಧಾರಾಳವಾಗಿ ಕೇಳಿ. ಟೋಕಿಯೊದ ಪಿಯಾಲಾ ಕಂಪನಿ 2017ರಲ್ಲಿ ಸೇದದ ನೌಕರರಿಗೆ ವರ್ಷಕ್ಕೆ ಆರು ದಿನ ಹೆಚ್ಚಿನ ರಜೆ ಕೊಟ್ಟಿತು. ಅವರ ಕಚೇರಿ 29ನೇ ಮಹಡಿಯಲ್ಲಿತ್ತು. ಸೇದಲು ಕೆಳಗಿಳಿದು ಬರುವಷ್ಟರಲ್ಲಿ ಕಾಲು ಗಂಟೆ ಹೋಗುತ್ತಿತ್ತು. ನಿಮ್ಮಂಥವರೊಬ್ಬರು ಸಲಹೆ ಪೆಟ್ಟಿಗೆಗೆ ಚೀಟಿ ಹಾಕಿದ್ದರಿಂದ ಈ ಮಾತು ಶುರುವಾಯಿತು. ಮಾಲೀಕರು ರಜೆಗೆ ಒಪ್ಪದಿದ್ದರೆ ನಿಮಗೂ ಅಷ್ಟೇ ಹೊತ್ತಿನ ಬಿಡುವು ಕೇಳಿ. ಆದರೆ ಸಹೋದ್ಯೋಗಿಯ ಹೆಸರು ಎತ್ತಿ ದೂರು ಹೇಳಬೇಡಿ, ನಿಮಗೆ ಏನು ಬೇಕೋ ಅದನ್ನಷ್ಟೇ ಕೇಳಿ.