ಯೀಸ್ಟ್ ಬೇಡ, ಉರಿ ಸಣ್ಣಗಿರಲಿ: ಅವರೆಬೇಳೆಯ ಖಾರದ ಕರ್ಜಿಕಾಯಿ

ಅಕ್ಕಾ, ನಿಮ್ಮ ಕಷ್ಟ ಅರ್ಥವಾಯಿತು. ವಿಡಿಯೊದಲ್ಲಿ ಖಾರದ ಕರ್ಜಿಕಾಯಿಗೆ ಯೀಸ್ಟ್ ಹಾಕಿ ತೋರಿಸಿದ್ದರು, ಮನೆಯಲ್ಲಿ ಅದಿರಲಿಲ್ಲ, ಬದಲಿಗೆ ಅರ್ಧ ಚಮಚ ಸೋಡ ಹಾಕಿದಿರಿ. ಎರಡು ಕರ್ಜಿಕಾಯಿ ಎಣ್ಣೆಯಲ್ಲೇ ಬಾಯಿ ಬಿಟ್ಟವು, ಉಳಿದವು ಗಂಟೆಯೊಳಗೆ ಮೆತ್ತಗಾದವು. ಯೀಸ್ಟ್ ಇಲ್ಲದ್ದಕ್ಕೇ ಹೀಗಾಯಿತಾ ಅಂತ ಕೇಳಿದ್ದೀರಿ. ಅಲ್ಲ. ನಿಮ್ಮ ಮಾತಿನಿಂದ ನನಗೆ ಅನಿಸುವುದು ಹೂರಣ ಹಸಿಯಾಗಿತ್ತು, ಉರಿ ಜಾಸ್ತಿಯಾಗಿತ್ತು.

ಯೀಸ್ಟ್ ಹಾಕಿದ ಹಿಟ್ಟು ಬನ್ನಿನ ಹಾಗೆ ಉಬ್ಬಿ ಮೆತ್ತಗಾಗುತ್ತದೆ. ಅದು ಬೇರೆ ತಿಂಡಿ. ನಮಗೆ ಬೇಕಾದದ್ದು ಕಚ್ಚಿದರೆ ಪುಡಿಪುಡಿಯಾಗಿ ಉದುರುವ ಕಣಕ. ಅಜ್ಜಿ ಕಾಲದ ಕರ್ಜಿಕಾಯಿಗೆ ಯಾರು ಯೀಸ್ಟ್ ಹಾಕಿದ್ದರು ಹೇಳಿ? ಅದೇ ಕಣಕ ಹಿಡಿಯಿರಿ, ಒಳಗಿನ ಸಿಹಿ ತೆಗೆದು ಖಾರ ತುಂಬಿ, ಅಷ್ಟೇ. ಸೋಡ ಅಂತೂ ಬೇಡವೇ ಬೇಡ. ಜಾಸ್ತಿಯಾದರೆ ಹಿಟ್ಟು ಎಣ್ಣೆ ಕುಡಿಯುತ್ತದೆ.

ನನ್ನ ಅಳತೆ ಇದು. ಮೈದಾ 250 ಗ್ರಾಂ, ಚಿರೋಟಿ ರವೆ 50 ಗ್ರಾಂ, ಉಪ್ಪು ಮುಕ್ಕಾಲು ಚಮಚ, ಒಂದು ಚಿಟಿಕೆ ಓಮ. ಅದಕ್ಕೆ ಕರಗಿಸಿದ ತುಪ್ಪವೋ ಎಣ್ಣೆಯೋ ನಾಲ್ಕು ದೊಡ್ಡ ಚಮಚ ತುಂಬ, ಅಂದರೆ ಹೆಚ್ಚುಕಡಿಮೆ 60 ಗ್ರಾಂ. ಇಷ್ಟೊಂದಾ ಅನ್ನಬೇಡಿ, ಕಣಕ ಗರಿಯಾಗುವುದೇ ಇದರಿಂದ. ಜಿಡ್ಡು ಹಿಟ್ಟಿಗೆ ಮೊದಲೇ ಹತ್ತಿಕೊಂಡರೆ ನೀರು ಬಿದ್ದಾಗ ಹಿಟ್ಟು ರಬ್ಬರಿನ ಹಾಗೆ ಎಳೆ ಕಟ್ಟುವುದಿಲ್ಲ. ಹಾಗಾಗಿ ನೀರು ಮುಟ್ಟುವ ಮೊದಲು ಎರಡು ಅಂಗೈ ನಡುವೆ ಐದು ನಿಮಿಷ ಚೆನ್ನಾಗಿ ಉಜ್ಜಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳ ಗುರುತು ಸಮೇತ ಮುದ್ದೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಆಮೇಲೆ ತಣ್ಣೀರು ಸ್ವಲ್ಪಸ್ವಲ್ಪವೇ ಚಿಮುಕಿಸಿ ಗಟ್ಟಿಯಾಗಿ ಕಲಸಿ. ನನಗೆ ಸುಮಾರು 110 ಮಿ.ಲೀ. ಹಿಡಿಯುತ್ತದೆ, ನಿಮ್ಮ ಹಿಟ್ಟಿಗೆ ಒಂದೆರಡು ಚಮಚ ಹೆಚ್ಚುಕಡಿಮೆ ಆಗಬಹುದು. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ರವೆ ನೀರು ಎಳೆದುಕೊಳ್ಳುತ್ತದೆ.

ಈಗ ಹೂರಣ. ಚಳಿಗಾಲ ಅಲ್ವಾ, ಸೊಗಡಿನ ಅವರೆ ಬಂದಿರುವಾಗ ಆಲೂಗಡ್ಡೆ ಯಾಕೆ? ಕಾಳನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಸಿಪ್ಪೆ ಹಿತಕಿಕೊಳ್ಳಿ. ಹಿತಕಿದ ಬೇಳೆ ಎರಡು ಕಪ್ ಸಾಕು. ಉಪ್ಪು ಹಾಕಿ, ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಮಾತ್ರ ಬೇಯಿಸಿ. ಕುಕ್ಕರ್ ಬೇಡ, ಕರಗಿಹೋಗುತ್ತದೆ. ನೀರು ಪೂರ್ತಿ ಬಸಿದು (ಆ ಕಟ್ಟು ಚೆಲ್ಲಬೇಡಿ, ಸಾರಿಗೆ ಆಗುತ್ತದೆ) ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಇಂಗು, ಜಜ್ಜಿದ ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು. ಬೇಳೆ ಹಾಕಿ ತಳದಲ್ಲಿ ತೇವ ಕಾಣದ ತನಕ ಬಾಡಿಸಿ. ಕೊನೆಗೆ ಕೊತ್ತಂಬರಿ ಸೊಪ್ಪು, ತುರಿದ ಒಣ ಕೊಬ್ಬರಿ, ಎರಡು ಚಮಚ ಹುರಿಗಡಲೆ ಪುಡಿ. ಹಸಿ ತೆಂಗಿನಕಾಯಿ ಹಾಕಿದರೆ ನೀರು ಬಿಡುತ್ತದೆ. ಉಳಿದ ತೇವವನ್ನು ಹುರಿಗಡಲೆ ಪುಡಿ ಹೀರಿಕೊಳ್ಳುತ್ತದೆ. ಅರ್ಧದಷ್ಟು ಬೇಳೆಯನ್ನು ಸೌಟಿನ ಹಿಂಬದಿಯಿಂದ ಅಮುಕಿ, ಆಗ ತುಂಬುವಾಗ ಉದುರುವುದಿಲ್ಲ. ಪೂರ್ತಿ ಆರಬೇಕು. ಬಿಸಿ ಇರುವಾಗಲೇ ತುಂಬಿದರೆ ಹಬೆ ಕಣಕವನ್ನು ಒಳಗಿನಿಂದ ನೆನೆಸುತ್ತದೆ.

ಹೋದ ವರ್ಷ ಅವಸರದಲ್ಲಿ ಬೇಳೆ ಸರಿಯಾಗಿ ಬಸಿಯದೆ ತುಂಬಿದ್ದೆ. ಒಂದು ಒಡೆದು ನಾಲ್ಕೈದು ಬೇಳೆ ಎಣ್ಣೆಗೆ ಬಿದ್ದವು. ಪಟಾರ್ ಅಂತ ಸಿಡಿದು ಮುಂಗೈ ಮೇಲೆ ಕಾಸಗಲದ ಎರಡು ಗುಳ್ಳೆ. ಅವತ್ತಿನಿಂದ ಅವಸರ ಮಾಡಿಲ್ಲ.

ನಿಂಬೆ ಗಾತ್ರಕ್ಕಿಂತ ಸ್ವಲ್ಪ ಚಿಕ್ಕ ಉಂಡೆ ಮಾಡಿದರೆ ಈ ಅಳತೆಗೆ ಇಪ್ಪತ್ತು ಆಗುತ್ತವೆ. ಪೂರಿಯಷ್ಟು ಅಗಲ ಲಟ್ಟಿಸಿ. ನಡು ತೀರಾ ತೆಳ್ಳಗೆ ಬೇಡ, ಅಂಚು ತೆಳ್ಳಗಿರಲಿ. ಒಂದು ದೊಡ್ಡ ಚಮಚ ಹೂರಣ ಇಟ್ಟು, ಅಂಚಿಗೆ ಬೆರಳಿನಿಂದ ನೀರು ಸವರಿ ಮಡಚಿ. ಇಲ್ಲಿ ಒಂದು ಕ್ಷಣ ನಿಲ್ಲಿ. ನೇರ ಅಂಚು ಒತ್ತಬೇಡಿ. ಮೊದಲು ಹೂರಣದ ಉಬ್ಬಿನ ಸುತ್ತ ಬೆರಳಾಡಿಸಿ ಒಳಗಿನ ಗಾಳಿಯನ್ನು ಹೊರಗೆ ತಳ್ಳಿ, ಆಮೇಲೆ ಅಂಚು ಒತ್ತಿ. ಒಳಗೆ ಸಿಕ್ಕಿಕೊಂಡ ಗಾಳಿ ಎಣ್ಣೆಯಲ್ಲಿ ಹಿಗ್ಗಿ ಬಾಯಿ ಬಿಡಿಸುತ್ತದೆ. ಒಂದು ತುದಿಯಿಂದ ಹೆಬ್ಬೆರಳಲ್ಲಿ ಸ್ವಲ್ಪಸ್ವಲ್ಪ ಮಡಚುತ್ತಾ ಜಡೆಯ ಹಾಗೆ ಹೆಣೆದರೆ ಚೆಂದ, ಗಟ್ಟಿ ಕೂಡ. ಬರದಿದ್ದರೆ ಫೋರ್ಕಿನಿಂದ ಒತ್ತಿ. ಅಚ್ಚು ಇದ್ದರೆ ಬಳಸಿ, ಆದರೆ ಹೂರಣ ಕಡಿಮೆ ಇಡಿ. ಒಂದು ಅವರೆಬೇಳೆ ಅಂಚಿಗೆ ಸಿಕ್ಕಿಕೊಂಡರೂ ಅಲ್ಲಿ ಬಿರುಕು ಗ್ಯಾರಂಟಿ. ಮಾಡಿಟ್ಟದ್ದಕ್ಕೆ ಬಟ್ಟೆ ಮುಚ್ಚಿ, ಒಣಗಿದರೂ ಸೀಳುತ್ತದೆ.

ಕರಿಯುವುದು ನಿಧಾನದ ಕೆಲಸ. ಎಣ್ಣೆಗೆ ಚೂರು ಹಿಟ್ಟು ಹಾಕಿದರೆ ತಳಕ್ಕೆ ಹೋಗಿ, ಸಣ್ಣ ಗುಳ್ಳೆ ಬಿಡುತ್ತಾ ಮೆಲ್ಲಗೆ ಮೇಲೆ ಬರಬೇಕು. ಥರ್ಮಾಮೀಟರ್ ಇದ್ದವರಿಗೆ 150ರಿಂದ 160 ಡಿಗ್ರಿ. ಚೂರು ಸರ್ರನೆ ಮೇಲೆದ್ದರೆ ಎಣ್ಣೆ ಜಾಸ್ತಿ ಕಾದಿದೆ. ಹಾಗೆ ಕಾದ ಎಣ್ಣೆಯಲ್ಲಿ ಹೊರಗೆ ಮೂರೇ ನಿಮಿಷಕ್ಕೆ ಬಣ್ಣ ಬರುತ್ತದೆ, ಕಣಕದ ಒಳಗೆ ನೀರು ಹಾಗೇ ಉಳಿಯುತ್ತದೆ, ತಣ್ಣಗಾದ ಮೇಲೆ ಅದೇ ನೀರು ಹೊರಗೆ ಬಂದು ಮೆತ್ತಗೆ ಮಾಡುತ್ತದೆ. ನಿಮಗೆ ಆದದ್ದು ಇದೇ ಇರಬೇಕು. ಒಂದು ಸಲಕ್ಕೆ ನಾಲ್ಕೇ ಹಾಕಿ, ಮೇಲೆ ಜಾಲರಿ ಸೌಟಿನಿಂದ ಬಿಸಿ ಎಣ್ಣೆ ಚಿಮುಕಿಸಿ, ಎಂಟು ಹತ್ತು ನಿಮಿಷ ಬಿಡಿ. ನಾನು ಬಣ್ಣಕ್ಕಿಂತ ಸದ್ದು ನಂಬುತ್ತೇನೆ. ಮೊದಲು ಜೋರಾಗಿರುವ ಚುರುಚುರು ಕಡಿಮೆಯಾಗಿ ಎಣ್ಣೆ ಹೆಚ್ಚುಕಡಿಮೆ ಸುಮ್ಮನಾದರೆ ಒಳಗಿನ ತೇವ ಹೋಗಿದೆ ಅಂತ ಲೆಕ್ಕ. ಕೊನೆಯ ಅರ್ಧ ನಿಮಿಷ ಉರಿ ಏರಿಸಿ ತೆಗೆಯಿರಿ, ಎಣ್ಣೆ ಚೆನ್ನಾಗಿ ಸೋರುತ್ತದೆ. ತಂತಿ ಜಾಲರಿಯ ಮೇಲೆ ಅಂಚಿನ ಮೇಲೆ ನಿಲ್ಲಿಸಿಡಿ. ಪೇಪರ್ ಮೇಲೆ ಮಲಗಿಸಿದರೆ ತಳದಲ್ಲಿ ಹಬೆ ಕಟ್ಟುತ್ತದೆ. ನ್ಯೂಸ್‌ಪೇಪರ್ ಅಂತೂ ಬೇಡ, ಅದರ ಮಸಿ ತಿಂಡಿಗೆ ಹತ್ತುತ್ತದೆ.

ರಷ್ಯಾದಲ್ಲಿ ಚೆಬುರೆಕ್ ಅಂತ ಇಂಥದ್ದೇ ಕರಿದ ತಿಂಡಿ ಸಿಗುತ್ತದೆ, ಅದೂ ಯೀಸ್ಟ್ ಇಲ್ಲದ್ದೇ. ಕ್ರಿಮಿಯಾದ ತಾತಾರರ ತಿಂಡಿ. ಆದರೆ ಅದರ ದಾರಿ ನಮ್ಮದಕ್ಕೆ ಪೂರ್ತಿ ಉಲ್ಟಾ. ಹಿಟ್ಟು ತೆಳ್ಳಗೆ, ಒಳಗೆ ಈರುಳ್ಳಿ ಸೇರಿಸಿದ ಹಸಿ ಖೀಮಾ, ಎಣ್ಣೆ ಚೆನ್ನಾಗಿ ಕಾದಿರಬೇಕು, ಮೇಲೆ ಗುಳ್ಳೆ ಏಳಲೇಬೇಕು, ಒಳಗೆ ರಸ ಇರಬೇಕು, ಬಿಸಿಬಿಸಿಯೇ ತಿನ್ನಬೇಕು. ಆ ಅಳತೆಯನ್ನೂ ಈ ಅಳತೆಯನ್ನೂ ಬೆರೆಸಬೇಡಿ. ನಮ್ಮ ಕಣಕದಲ್ಲಿ ಖೀಮಾ ಬೇಕಿದ್ದರೆ ಮೊದಲೇ ಬೇಯಿಸಿ, ಪೂರ್ತಿ ಡ್ರೈ ಮಾಡಿ ತುಂಬಿ.

ಅವರೆಬೇಳೆಯದ್ದು ಅವತ್ತೇ ಮುಗಿಸಿ, ಡಬ್ಬಿಯಲ್ಲಿ ಇಡುವ ತಿಂಡಿ ಅಲ್ಲ. ಕರಿಯದೆ ಮಾಡಿಟ್ಟದ್ದನ್ನು ಫ್ರೀಜರಿನಲ್ಲಿ ಬಿಡಿಬಿಡಿಯಾಗಿ ಇಡಬಹುದು. ತೆಗೆದವರು ಕರಗಲು ಬಿಡದೆ ನೇರ ಸಣ್ಣ ಉರಿಯ ಎಣ್ಣೆಗೆ ಹಾಕಿ, ಮೇಲಿನ ಐಸ್ ಒರೆಸಿಕೊಂಡು.

ಈ ಸಲ ಮೊದಲು ನಾಲ್ಕೇ ಕರಿದು ನೋಡಿ. ಮತ್ತೆ ಒಡೆದರೆ ಒಡೆದದ್ದರ ಫೋಟೊ ಹಾಕಿ. ಅಂಚಿನಲ್ಲಿ ಬಿಟ್ಟಿದ್ದರೆ ಹೆಣಿಗೆಯದ್ದೋ ಗಾಳಿಯದ್ದೋ ತಪ್ಪು, ಹೊಟ್ಟೆಯಲ್ಲಿ ಬಿಟ್ಟಿದ್ದರೆ ಲಟ್ಟಣಿಗೆ ಜಾಸ್ತಿ ಓಡಿದೆ.